ತುಮಕೂರಿಗೆ ಕೆಲಸಕ್ಕೆ ಬರುತ್ತಿದ್ದೀರಾ? ಕೈಗೆಟುಕುವ ಬಾಡಿಗೆ ಮನೆ ಹುಡುಕುವ ಸಮಗ್ರ ಮಾರ್ಗದರ್ಶಿ

ತುಮಕೂರಿನಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ಹೆಚ್ಚಿನವರು ಮೊಬೈಲ್ ತೆಗೆದು ಬಾಡಿಗೆ ಮನೆ ಹುಡುಕಲು ಶುರು ಮಾಡುತ್ತಾರೆ. ನಾಲ್ಕಾರು ಫೋಟೋ ನೋಡುತ್ತಾರೆ. ಬಾಡಿಗೆ ಕಡಿಮೆ ಇರುವ ಮನೆಗೆ ಟೋಕನ್ ಕಳಿಸಿಬಿಡುತ್ತಾರೆ. ಸಾಮಾನು ಇಳಿಸಿದ ಮೇಲೆ ಗೊತ್ತಾಗುತ್ತದೆ, ಮನೆ ಊರಿನ ಈ ತುದಿಗೆ, ಕೆಲಸ ಆ ತುದಿಯಿಂದ ಇನ್ನೂ ಇಪ್ಪತ್ತು ಕಿಲೋಮೀಟರ್ ಆಚೆಗೆ. ಬಾಡಿಗೆಯಲ್ಲಿ ಉಳಿದ ದುಡ್ಡು ಪೆಟ್ರೋಲಿಗೆ ಹೋಗುತ್ತದೆ, ನಿದ್ದೆ ರಸ್ತೆಯಲ್ಲಿ ಹೋಗುತ್ತದೆ.

ಮನೆ ಹುಡುಕುವುದಕ್ಕೆ ಒಂದು ಕ್ರಮ ಇದೆ. ಮೊದಲು ಕೆಲಸದ ಗೇಟು. ಆಮೇಲೆ ಅಲ್ಲಿಗೆ ಹೋಗುವ ಬಸ್ಸು ನಿಲ್ಲುವ ಜಾಗ. ಆಮೇಲೆ ಬಡಾವಣೆ. ಮನೆ ಮತ್ತು ಬಾಡಿಗೆಯ ಮಾತು ಕೊನೆಗೆ. ಈ ಕ್ರಮ ತಿರುಗುಮುರುಗಾದರೆ ಎಷ್ಟು ಅಗ್ಗದ ಮನೆಯೂ ದುಬಾರಿಯಾಗುತ್ತದೆ.

ಗೇಟು ಎಲ್ಲಿದೆ ಅಂತ ತಿಳಿದುಕೊಳ್ಳಿ

ನೇಮಕಾತಿ ಪತ್ರದಲ್ಲಿ ‘ತುಮಕೂರು’ ಅಂತ ಇದ್ದರೆ ಸಾಲದು. ನಿಜವಾದ ಜಾಗ ಯಾವುದು ಅಂತ ಎಚ್‌ಆರ್‌ಗೆ ಫೋನ್ ಮಾಡಿ ಕೇಳಿ.

ವಸಂತನರಸಾಪುರ ಕೈಗಾರಿಕಾ ಪ್ರದೇಶ ಊರಿಂದ ಶಿರಾ ಕಡೆಗೆ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 20 ಕಿಲೋಮೀಟರ್ ದೂರ. 2014ರಲ್ಲಿ ಶುರುವಾದ ಫುಡ್ ಪಾರ್ಕ್ ಕೂಡ ಅಲ್ಲೇ ಇದೆ. ಅಂತರಸನಹಳ್ಳಿಯೂ ಅದೇ ದಿಕ್ಕು, ಆದರೆ ಊರಿಗೆ ಅಂಟಿಕೊಂಡೇ ಇದೆ. ಹಿರೇಹಳ್ಳಿ ಇದಕ್ಕೆ ಪೂರ್ತಿ ವಿರುದ್ಧ, ಕ್ಯಾತ್ಸಂದ್ರ ದಾಟಿ ಬೆಂಗಳೂರು ಕಡೆಗೆ ಹೋಗಬೇಕು. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ತುಮಕೂರು ನಗರದಲ್ಲಿ ಇಲ್ಲವೇ ಇಲ್ಲ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿದೆ. ಮೂರು ದಿಕ್ಕಿಗೆ ಮೂರು ಕೆಲಸ, ಕಾಗದದ ಮೇಲೆ ಮಾತ್ರ ಎಲ್ಲವೂ ‘ತುಮಕೂರು’.

ಹಾಗಾಗಿ ವಸಂತನರಸಾಪುರ ಅಥವಾ ಅಂತರಸನಹಳ್ಳಿಗೆ ಹೋಗುವವರು ಶಿರಾ ಗೇಟ್ ಸುತ್ತಮುತ್ತ ಮೊದಲು ನೋಡಿ. ಹೆದ್ದಾರಿಯಲ್ಲೇ ಇರುವ ಕೋರದಲ್ಲೂ ಒಮ್ಮೆ ವಿಚಾರಿಸಿ. ಅಲ್ಲಿ ಮನೆ ಕಡಿಮೆ, ಆದರೆ ಸಿಕ್ಕರೆ ಓಡಾಟ ಅರ್ಧಕ್ಕೂ ಕಡಿಮೆಯಾಗುತ್ತದೆ. ಹಿರೇಹಳ್ಳಿಯವರಿಗೆ ಕ್ಯಾತ್ಸಂದ್ರ ಮತ್ತು ಬಟವಾಡಿ. ಎಚ್‌ಎಎಲ್ ಕಡೆಯವರು ಗುಬ್ಬಿ ಪಟ್ಟಣವನ್ನೇ ಗಂಭೀರವಾಗಿ ಯೋಚಿಸಿ, ಇಲ್ಲದಿದ್ದರೆ ತುಮಕೂರಿನಲ್ಲಿ ಗುಬ್ಬಿ ಗೇಟ್ ಕಡೆ. ಕುಣಿಗಲ್ ರಸ್ತೆಯ ಕಾಲೇಜಿನಲ್ಲಿ ಕೆಲಸವಾದರೆ ಮರಳೂರು, ಸದಾಶಿವನಗರ ನೋಡಿ. ಸರ್ಕಾರಿ ಕಚೇರಿ, ಬ್ಯಾಂಕು, ಜಿಲ್ಲಾಸ್ಪತ್ರೆ ಅಂದರೆ ಊರ ಮಧ್ಯ. ಎಸ್‌ಎಸ್ ಪುರಂ, ಎಸ್‌ಐಟಿ ಬಡಾವಣೆ, ಅಶೋಕನಗರ ಎಲ್ಲರೂ ಕೇಳುವ ಜಾಗಗಳು, ಅದಕ್ಕೇ ಬಾಡಿಗೆಯೂ ಜಾಸ್ತಿ. ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತ ವಿದ್ಯಾರ್ಥಿಗಳ ಬೇಡಿಕೆ ಇರುವುದರಿಂದ ಒಂದು ರೂಮಿನ ಮನೆಗೂ ಪೈಪೋಟಿ.

ಕಂಪನಿ ಬಸ್ಸು ಇದೆಯಾ, ಎಲ್ಲೆಲ್ಲಿ ನಿಲ್ಲುತ್ತದೆ, ರಾತ್ರಿ ಶಿಫ್ಟ್‌ಗೂ ಬರುತ್ತದಾ ಅಂತ ಅದೇ ಫೋನಿನಲ್ಲಿ ಕೇಳಿಬಿಡಿ. ಬೆಳಗ್ಗೆ ಆರು ಗಂಟೆ ಶಿಫ್ಟ್ ಇರುವವರಿಗೆ ಬಸ್ಸು ನಿಲ್ಲುವ ಜಾಗಕ್ಕೆ ನಡೆದು ಹೋಗುವಷ್ಟು ಹತ್ತಿರ ಮನೆ ಇರುವುದು ದೊಡ್ಡ ಅನುಕೂಲ. ಆ ಹೊತ್ತಿಗೆ ಆಟೋ ನಂಬಿಕೊಂಡು ಕೂರುವ ಹಾಗಿಲ್ಲ.

ನಿಜವಾದ ಬಾಡಿಗೆ ಲೆಕ್ಕ ಹಾಕಿ

ಮಾಲೀಕರು ಹೇಳುವ ಬಾಡಿಗೆ ಅರ್ಧ ಲೆಕ್ಕ ಮಾತ್ರ. ಅದಕ್ಕೆ ಓಡಾಟದ ಖರ್ಚು, ನೀರು, ಕರೆಂಟು, ಮೇಂಟೆನೆನ್ಸ್ ಸೇರಿಸಬೇಕು. ಅಡ್ವಾನ್ಸ್ ಅಂತ ಕೊಟ್ಟು ಸುಮ್ನೆ ಕೂರಿಸುವ ದುಡ್ಡಿನ ಬಡ್ಡಿಯನ್ನೂ ಸೇರಿಸಬೇಕು.

ಒಂದು ಉದಾಹರಣೆ ನೋಡಿ, ಅಂಕಿಗಳು ಲೆಕ್ಕ ತೋರಿಸುವುದಕ್ಕೆ ಮಾತ್ರ. ಕೆಲಸ ವಸಂತನರಸಾಪುರದಲ್ಲಿ. ಮೊದಲ ಮನೆ ಶಿರಾ ಗೇಟ್ ಹತ್ತಿರ, ಬಾಡಿಗೆ 7,500, ಅಡ್ವಾನ್ಸ್ 50,000, ಕಂಪನಿ ಬಸ್ಸು ಬೀದಿ ಕೊನೆಯಲ್ಲೇ ನಿಲ್ಲುತ್ತದೆ. ಎರಡನೆಯದು ಊರಿನ ಇನ್ನೊಂದು ತುದಿ, ಬಾಡಿಗೆ 6,000, ಅಡ್ವಾನ್ಸ್ ಒಂದು ಲಕ್ಷ, ಆ ಕಡೆ ಬಸ್ಸು ಬರಲ್ಲ, ಬೈಕೇ ಗತಿ. ಹೋಗಲು 25 ಕಿಲೋಮೀಟರ್, ಬರಲು 25. ತಿಂಗಳಿಗೆ 26 ದಿನ ಅಂದರೆ 1,300 ಕಿಲೋಮೀಟರ್. ಬೈಕು ಲೀಟರಿಗೆ 45 ಕೊಟ್ಟರೆ ಸುಮಾರು 29 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ಅಂತ ಹಿಡಿದರೂ 2,900 ಆಯಿತು. ಒಂದು ಲಕ್ಷಕ್ಕೆ ವರ್ಷಕ್ಕೆ 7 ಪರ್ಸೆಂಟ್ ಬಡ್ಡಿ ಅಂದರೆ ತಿಂಗಳಿಗೆ 580 ಚಿಲ್ಲರೆ. ಎಲ್ಲ ಕೂಡಿದರೆ ಅಗ್ಗದ ಮನೆ 9,480 ದಾಟಿತು. ದುಬಾರಿ ಅನಿಸಿದ ಮನೆಗೆ ಬಾಡಿಗೆ ಜೊತೆ ಐವತ್ತು ಸಾವಿರದ ಬಡ್ಡಿ 290 ಸೇರಿಸಿದರೂ 7,800 ಮುಟ್ಟಲಿಲ್ಲ. ಟೈರು, ಆಯಿಲ್, ಮಳೆಗಾಲದ ರಾತ್ರಿ ಲಾರಿಗಳ ಮಧ್ಯೆ ಹೆದ್ದಾರಿ ಸವಾರಿ, ಇವನ್ನೆಲ್ಲ ನಾನಿನ್ನೂ ಸೇರಿಸಿಲ್ಲ.

ಹೆಣ್ಣುಮಕ್ಕಳಿಗೆ ಈ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕೆಎಸ್‌ಆರ್‌ಟಿಸಿಯ ನಗರ ಬಸ್ಸು, ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಮನೆಯಲ್ಲಿ ಇಬ್ಬರೂ ದುಡಿಯುವವರಾದರೆ ಕಂಪನಿ ಬಸ್ಸಿಲ್ಲದ ಒಬ್ಬರು ಯಾರು, ಸರ್ಕಾರಿ ಬಸ್ಸು ಯಾರಿಗೆ ಸರಿಹೋಗುತ್ತದೆ ಅಂತ ನೋಡಿ ಮನೆ ಎಲ್ಲಿ ಅಂತ ತೀರ್ಮಾನಿಸಿ.

ಮೊದಲ ತಿಂಗಳು ಅಡ್ವಾನ್ಸ್ ಕೊಡಬೇಡಿ

ಸಾಧ್ಯವಿದ್ದರೆ ಮೊದಲ ತಿಂಗಳು ಪಿಜಿಯಲ್ಲೋ, ಗೆಳೆಯರ ರೂಮಿನಲ್ಲೋ, ನೆಂಟರ ಮನೆಯಲ್ಲೋ ಇರಿ. ಸಂಸಾರಸ್ಥರಾದರೆ ಒಬ್ಬರು ಮೊದಲು ಬಂದು, ಮನೆ ಗೊತ್ತಾದ ಮೇಲೆ ಉಳಿದವರನ್ನು ಕರೆಸಿಕೊಳ್ಳಿ. ಆ ತಿಂಗಳಲ್ಲಿ ಕೆಲಸ ನಿಮಗೆ ಒಗ್ಗುತ್ತದಾ ಅಂತಲೂ ಗೊತ್ತಾಗುತ್ತದೆ, ಯಾವ ಬಡಾವಣೆಯಿಂದ ಎಷ್ಟು ಹೊತ್ತಿಗೆ ಹೊರಟರೆ ಸರಿ ಅಂತಲೂ ಗೊತ್ತಾಗುತ್ತದೆ. ಜೊತೆ ಕೆಲಸದವರು ಎಲ್ಲಿದ್ದಾರೆ ಅಂತ ಕೇಳುವುದಕ್ಕೂ ಇದೇ ಸಮಯ. ಒಳ್ಳೆಯ ಮನೆಗಳು ಬಹಳ ಸಲ ಬೋರ್ಡ್ ಬೀಳುವ ಮೊದಲೇ ಬಾಯಿಂದ ಬಾಯಿಗೆ ಹೋಗಿಬಿಡುತ್ತವೆ.

ಹುಡುಕುವುದು ಎಲ್ಲಿ, ಯಾವಾಗ

ಆ್ಯಪ್‌ಗಳಲ್ಲಿ ಒಂದು ಅಂದಾಜು ಸಿಗುತ್ತದೆ, ಅಷ್ಟೇ. ತುಮಕೂರಿನಲ್ಲಿ ಅಪಾರ್ಟ್‌ಮೆಂಟ್‌ಗಳು ಇವೆ, ಆದರೆ ಮಧ್ಯಮ ವರ್ಗದವರಿಗೆ ಸಿಗುವ ಬಾಡಿಗೆ ಮನೆಗಳಲ್ಲಿ ಹೆಚ್ಚಿನವು ಮಾಲೀಕರು ಕೆಳಗಿದ್ದು ಮಹಡಿಯನ್ನು ಬಾಡಿಗೆಗೆ ಕೊಡುವಂಥವು. ಆ ಮಾಲೀಕರಲ್ಲಿ ಎಷ್ಟೋ ಜನ ಆ್ಯಪ್‌ಗೆ ಹಾಕುವುದಿಲ್ಲ. ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಅಂತ ಬೋರ್ಡ್ ತೂಗುಹಾಕುತ್ತಾರೆ. ಆದ್ದರಿಂದ ಆರಿಸಿಕೊಂಡ ಬಡಾವಣೆಯಲ್ಲಿ ಭಾನುವಾರ ಬೆಳಗ್ಗೆ ನಡೆಯಿರಿ, ಬೈಕಿನಲ್ಲಿ ಹೋದರೆ ಅರ್ಧ ಬೋರ್ಡ್ ಕಣ್ತಪ್ಪುತ್ತದೆ. ನಂದಿನಿ ಬೂತು, ದಿನಸಿ ಅಂಗಡಿ, ಇಸ್ತ್ರಿ ಅಂಗಡಿಯವರನ್ನು ಕೇಳಿ. ಯಾರ ಮನೆ ಖಾಲಿಯಾಗುತ್ತಿದೆ ಅನ್ನುವುದು ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ.

ಬ್ರೋಕರ್ ಮೂಲಕ ಹೋದರೆ ತಪ್ಪೇನಿಲ್ಲ. ಕಮಿಷನ್ ಎಷ್ಟು, ಯಾವಾಗ ಕೊಡಬೇಕು ಅನ್ನುವುದನ್ನು ಮೊದಲ ಮನೆ ನೋಡುವ ಮುಂಚೆಯೇ ಮಾತಾಡಿ. ಬರೀ ತೋರಿಸಿದ್ದಕ್ಕೆ ದುಡ್ಡು ಕೇಳುವವರಿಂದ ದೂರ ಇರಿ.

ಮೋಸದ ಬಗ್ಗೆ ಒಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ‘ನಾನು ಮಿಲಿಟರಿಯಲ್ಲಿದ್ದೇನೆ, ಬೇರೆ ಊರಿಗೆ ವರ್ಗ ಆಗಿದೆ, ಮನೆ ತೋರಿಸಲು ಆಗಲ್ಲ, ಟೋಕನ್ ಹಾಕಿ ಕೀ ಕಳಿಸುತ್ತೇನೆ’ ಅನ್ನುವ ಜಾಹೀರಾತುಗಳು ಎಲ್ಲ ಊರಿನ ಹೆಸರಲ್ಲೂ ಬರುತ್ತವೆ. ಮನೆಯೊಳಗೆ ಕಾಲಿಡದೆ, ಮಾಲೀಕರ ಮುಖ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ದುಡ್ಡು ವಾಪಸ್ ಹಾಕುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದರೆ ಅಲ್ಲಿಗೇ ಫೋನ್ ಇಡಿ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಾಲವೂ ಮುಖ್ಯ. ಮೇ ತಿಂಗಳಲ್ಲಿ, ಶಾಲೆ ಶುರುವಾಗುವ ಮುಂಚೆ, ಎಲ್ಲರೂ ಮನೆ ಹುಡುಕುತ್ತಾರೆ, ಚೌಕಾಸಿಗೆ ಜಾಗ ಇರುವುದಿಲ್ಲ. ಆಷಾಢದಲ್ಲಿ ನಮ್ಮ ಕಡೆ ಬಹಳ ಜನ ಹಾಲು ಉಕ್ಕಿಸುವುದಿಲ್ಲ, ಮನೆ ಬದಲಾಯಿಸುವುದಿಲ್ಲ. ಪಿತೃಪಕ್ಷ, ಧನುರ್ಮಾಸದಲ್ಲೂ ಹೀಗೇ. ಖಾಲಿ ಬಿದ್ದ ಮನೆಗೆ ಆ ತಿಂಗಳ ಬಾಡಿಗೆ ಬರಲ್ಲ ಅನ್ನುವುದು ಮಾಲೀಕರಿಗೂ ಗೊತ್ತು. ನಿಮಗೆ ಆ ನಂಬಿಕೆ ಇಲ್ಲದಿದ್ದರೆ ಅದೇ ಮಾತಾಡಲು ಒಳ್ಳೆಯ ಸಮಯ. ಇದ್ದರೂ ದಾರಿ ಇದೆ, ಆಷಾಢ ಹುಟ್ಟುವ ಮುಂಚೆ ಹಾಲು ಉಕ್ಕಿಸಿಟ್ಟು ಸಾಮಾನು ಆಮೇಲೆ ತರುತ್ತಾರೆ.

ಮನೆ ನೋಡುವಾಗ ನೀರಿನಿಂದ ಶುರು ಮಾಡಿ

ಗೋಡೆ ಬಣ್ಣ, ಟೈಲ್ಸ್, ಕಿಚನ್ ಕಪಾಟು ಎಲ್ಲ ಆಮೇಲೆ. ತುಮಕೂರಿನಲ್ಲಿ ಮೊದಲ ಪ್ರಶ್ನೆ ನೀರು.

ನಗರಕ್ಕೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯ ಮೂಲಕ ಬರುತ್ತದೆ. ಆದರೆ ಪ್ರತಿ ಬೀದಿಗೂ ಒಂದೇ ಥರ ಬರುವುದಿಲ್ಲ. ಹೊಸ ಬಡಾವಣೆಗಳಲ್ಲಿ ಎಷ್ಟೋ ಮನೆ ಬರೀ ಬೋರ್‌ವೆಲ್ ನಂಬಿಕೊಂಡಿರುತ್ತವೆ. ಬೋರು ನಿಂತರೆ ಟ್ಯಾಂಕರ್, ಟ್ಯಾಂಕರ್ ದುಡ್ಡು ಬಾಡಿಗೆದಾರರ ತಲೆಗೆ. ಅದಕ್ಕೇ ಮಾಲೀಕರನ್ನು ಈ ನಾಲ್ಕು ವಿಷಯ ಕೇಳಿ: ಕಾರ್ಪೊರೇಷನ್ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗೆ ಒಂದು ಸಂಪು, ಏಪ್ರಿಲ್‌ನಲ್ಲಿ ಟ್ಯಾಂಕರ್ ಹಾಕಿಸಿದ್ದರೆ ದುಡ್ಡು ಯಾರು ಕೊಟ್ಟರು. ಇದೇ ಪ್ರಶ್ನೆಗಳನ್ನು ಪಕ್ಕದ ಮನೆಯ ಬಾಡಿಗೆದಾರರಿಗೂ ಕೇಳಿ. ಎರಡು ಉತ್ತರ ಒಂದೇ ಆಗಿದ್ದರೆ ಮುಂದುವರಿಯಿರಿ.

ಆಮೇಲೆ ಬಚ್ಚಲಿಗೆ ಹೋಗಿ. ನಲ್ಲಿ ಬಾಯಿಯನ್ನು ಬಗ್ಗಿ ನೋಡಿ. ಬಿಳಿ ಪದರ ಗಟ್ಟಿಯಾಗಿ ಅಂಟಿದೆಯಾ? ಶವರಿನ ತೂತುಗಳಲ್ಲಿ ಅರ್ಧ ಮುಚ್ಚಿವೆಯಾ? ಅದು ಗಡಸು ನೀರು. ಗೀಸರ್ ಕಾಯಿಲ್ ಬೇಗ ಹೋಗುತ್ತದೆ, ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಮನೆ ಬೇಡ ಅನ್ನಬೇಕಾಗಿಲ್ಲ, ಬಾಡಿಗೆ ಮಾತಿನಲ್ಲಿ ಇದನ್ನು ಹೇಳಬಹುದು. ಕುಡಿಯುವ ನೀರಿಗೆ ಹತ್ತಿರದಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆಯಾ ಅಂತ ನೋಡಿ. ಇಪ್ಪತ್ತು ಲೀಟರ್ ಕ್ಯಾನು ಹೊತ್ತು ಎರಡು ಮಹಡಿ ಹತ್ತುವವರು ನೀವೇ ಅಲ್ವಾ?

ಒಂದೇ ಸಲ ನೋಡಿ ಒಪ್ಪಬೇಡಿ. ಮನೆ ಇಷ್ಟವಾದರೆ ಸಂಜೆ ಏಳರ ನಂತರ ಇನ್ನೊಮ್ಮೆ ಹೋಗಿ. ಆ ಹೊತ್ತಿಗೆ ಎಲ್ಲರ ಮನೆಯಲ್ಲೂ ನಲ್ಲಿ ತೆರೆದಿರುತ್ತದೆ, ಮೇಲಿನ ಮಹಡಿಗೆ ನೀರಿನ ರಭಸ ಎಷ್ಟು ಅಂತ ಗೊತ್ತಾಗುತ್ತದೆ. ಬೀದಿದೀಪ ಉರಿಯುತ್ತದಾ, ರಾತ್ರಿ ಶಿಫ್ಟ್‌ನಿಂದ ಬರುವ ದಾರಿಯಲ್ಲಿ ನಾಯಿಗಳು ಎಷ್ಟಿವೆ, ಮೊಬೈಲ್ ಸಿಗ್ನಲ್ ಮಲಗುವ ಕೋಣೆಯಲ್ಲೂ ಸಿಗುತ್ತದಾ ಅನ್ನುವುದೂ ಅಷ್ಟರಲ್ಲೇ ತಿಳಿಯುತ್ತದೆ. ಗೋಡೆಯ ಬುಡದಲ್ಲಿ ಹೊಸ ಪೇಂಟ್ ಮಾತ್ರ ಬಳಿದಿದ್ದರೆ ಕೈಯಿಟ್ಟು ನೋಡಿ, ಗೋಡೆ ತೇವ ಹಿಡಿದಿದ್ದರೆ ತಣ್ಣಗೆ ತಾಕುತ್ತದೆ.

ಕರೆಂಟ್ ವಿಷಯದಲ್ಲಿ ಒಂದೇ ಪ್ರಶ್ನೆ ಬಹಳ ಮುಖ್ಯ: ಈ ಮನೆಗೆ ಬೇರೆ ಬೆಸ್ಕಾಂ ಮೀಟರ್ ಇದೆಯಾ? ಬೇರೆ ಆರ್‌ಆರ್ ನಂಬರ್, ಅಂದರೆ ಬಿಲ್ಲಿನಲ್ಲಿರುವ ಸಂಪರ್ಕದ ನಂಬರ್ ಇದ್ದರೆ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಸೌಲಭ್ಯ ಬಾಡಿಗೆದಾರರಿಗೂ ಸಿಗುತ್ತದೆ. ಎಷ್ಟು ಯೂನಿಟ್ ಉಚಿತ ಅನ್ನುವುದು ಆ ಮೀಟರಿನ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮೂರು ಮಹಡಿಗೆ ಒಂದೇ ಮೀಟರ್ ಇಟ್ಟು, ಒಳಗೆ ಸಬ್ ಮೀಟರ್ ಹಾಕಿ ಮಾಲೀಕರೇ ಯೂನಿಟ್‌ಗೆ ಇಷ್ಟು ಅಂತ ವಸೂಲಿ ಮಾಡುವ ಮನೆಯಲ್ಲಿ ಆ ಸೌಲಭ್ಯ ನಿಮ್ಮ ಕೈಗೆ ಬರುವುದಿಲ್ಲ. ಮುಂಚೆ ಇದ್ದವರ ಆಧಾರ್ ಆ ಮೀಟರಿಗೆ ಜೋಡಣೆಯಾಗಿದ್ದರೆ ಅದನ್ನು ತೆಗೆಸಬೇಕು. ನೀವೂ ಹಳೆಯ ಮನೆಯ ಜೋಡಣೆ ತೆಗೆಸಿ, ಹೊಸದಕ್ಕೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ.

ಮಾಲೀಕರ ಜೊತೆ ಮಾತು

ಇಲ್ಲಿ ಮಾಲೀಕರು ಮನೆ ತೋರಿಸುವುದಕ್ಕಿಂತ ಮೊದಲು ನಿಮ್ಮನ್ನು ನೋಡುತ್ತಾರೆ. ಊರು ಯಾವುದು, ಏನು ಕೆಲಸ, ಎಷ್ಟು ಜನ. ಬ್ಯಾಚುಲರ್ ಆದರೆ ಕೆಲವರು ಗೇಟಿನಲ್ಲೇ ಇಲ್ಲ ಅನ್ನುತ್ತಾರೆ. ‘ನೀವು ಯಾವ ಜನ?’, ‘ಮಾಂಸ ಮಾಡ್ತೀರಾ?’ ಅಂತ ಕೇಳುವವರೂ ಇದ್ದಾರೆ. ಜಾತಿ ಕೇಳಿ ಮನೆ ಕೊಡುವುದು ಅನ್ಯಾಯ, ಅದು ಮಾಮೂಲಿ ಅಂತ ಒಪ್ಪಿಕೊಳ್ಳಬೇಕಾಗಿಲ್ಲ. ಸುಳ್ಳು ಹೇಳಿ ಸೇರಿಕೊಂಡರೆ ಆಮೇಲೆ ದಿನಾ ಆತಂಕ ನಿಮಗೇ. ಮರ್ಯಾದೆಯಿಂದ ನೋಡುವ ಮಾಲೀಕರು ಇದೇ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಇನ್ನೊಂದು ಬೀದಿಗೆ ನಡೆಯಿರಿ. ಊಟದ ಕಟ್ಟುಪಾಡು, ರಾತ್ರಿ ಗೇಟು ಹಾಕುವ ಹೊತ್ತು, ನೆಂಟರು ಬಂದು ಉಳಿಯುವುದು, ಇವನ್ನು ಮಾತ್ರ ಮೊದಲೇ ಬಿಡಿಸಿ ಕೇಳಿ. ಶಿಫ್ಟ್ ಕೆಲಸದವರಿಗೆ ಗೇಟಿನ ಕೀ ಬೇಕೇ ಬೇಕು.

ಚೌಕಾಸಿ ಹೀಗೆ ಸಾಗಬಹುದು:

‘ಅಮ್ಮಾ, ಮನೆ ಚೆನ್ನಾಗಿದೆ. ಎಂಟು ಸಾವಿರ ಸ್ವಲ್ಪ ಜಾಸ್ತಿ ಆಯ್ತು.’

‘ಹಿಂದಿನವರೂ ಅಷ್ಟೇ ಕೊಡ್ತಿದ್ರಪ್ಪ.’

‘ಸರಿ ಅಮ್ಮಾ. ನೀರು ಗಡಸಿದೆ, ಫಿಲ್ಟರ್ ನೀರು ಹೊರಗಿಂದ ತರಬೇಕು. ಏಳೂವರೆ ಮಾಡ್ಕೊಳ್ಳಿ. ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ನಿಮ್ಮ ಅಕೌಂಟಿಗೆ ಹಾಕ್ತೀನಿ. ಎರಡು ವರ್ಷ ಇರ್ತೀವಿ.’

‘ಯಜಮಾನ್ರನ್ನ ಕೇಳಿ ಹೇಳ್ತೀನಿ. ಅಡ್ವಾನ್ಸ್ ಮಾತ್ರ ಕಡಿಮೆ ಮಾಡಲ್ಲ.’

ಹೆಚ್ಚಿನ ಮಾಲೀಕರಿಗೆ ಐನೂರು ರೂಪಾಯಿಗಿಂತ ಹೊತ್ತಿಗೆ ಸರಿಯಾಗಿ ಬಾಡಿಗೆ ಬರುವುದು, ಆರಾರು ತಿಂಗಳಿಗೆ ಮನೆ ಖಾಲಿಯಾಗದಿರುವುದು ದೊಡ್ಡದು. ಆ ಭರವಸೆ ಕೊಡಿ, ಕೊಟ್ಟ ಮೇಲೆ ಉಳಿಸಿಕೊಳ್ಳಿ. ಬಾಡಿಗೆ ಇಳಿಯದಿದ್ದರೆ ಸೊಳ್ಳೆ ಜಾಲರಿ, ಪೇಂಟ್, ಗೀಸರ್ ಕೇಳಿ ನೋಡಿ.

ಅಡ್ವಾನ್ಸ್, ಭೋಗ್ಯ, ಅಗ್ರಿಮೆಂಟ್

ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳಬಾರದು ಅಂತಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನದೇ ಕಾನೂನು ಮಾಡಿದರೆ ಮಾತ್ರ ಜಾರಿ. ಹಾಗಾಗಿ ಅಡ್ವಾನ್ಸ್ ಅನ್ನುವುದು ನಿಮ್ಮಿಬ್ಬರ ಮಾತುಕತೆಯಲ್ಲೇ ತೀರ್ಮಾನವಾಗಬೇಕು. ಎಷ್ಟೇ ಆಗಲಿ, ಬ್ಯಾಂಕ್ ಮೂಲಕ ಕೊಡಿ. ನಗದು ಕೊಡಲೇಬೇಕಾದರೆ ಸಹಿ ಹಾಕಿದ ರಸೀದಿ ತೆಗೆದುಕೊಳ್ಳಿ.

ಭೋಗ್ಯದ ಮನೆ ಬಹಳ ಜನರನ್ನು ಸೆಳೆಯುತ್ತದೆ. ಒಂದಷ್ಟು ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಪೂರ್ತಿ ದುಡ್ಡು ವಾಪಸ್. ಚೆನ್ನಾಗಿ ನಡೆದರೆ ಲಾಭವೇ. ಅಪಾಯ ಇರುವುದು ಮಾಲೀಕರಿಗೆ ದುಡ್ಡಿನ ಮುಗ್ಗಟ್ಟು ಇದ್ದಾಗ. ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಕಂತು ನಿಂತಿದ್ದರೆ ಬ್ಯಾಂಕು ಮನೆಯನ್ನು ಹರಾಜಿಗೆ ಹಾಕಬಹುದು, ನಿಮ್ಮ ಲಕ್ಷಗಳು ಸಿಕ್ಕಿಹಾಕಿಕೊಳ್ಳುತ್ತವೆ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಸೇವೆಯಲ್ಲಿ ಆ ಆಸ್ತಿಯ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ ನೋಡಿ. ಖಾತೆ ಯಾರ ಹೆಸರಲ್ಲಿದೆ, ದುಡ್ಡು ಪಡೆಯುವವರು ಅವರೇನಾ ಅಂತ ನೋಡಿ. ಮೂಲಪತ್ರ ತೋರಿಸಿ ಅಂತ ಕೇಳಿ, ಅದು ಬ್ಯಾಂಕಿನಲ್ಲಿದೆ ಅಂದರೆ ಸಾಲ ಎಷ್ಟಿದೆ ಅಂತಲೂ ಕೇಳಿ. ಭೋಗ್ಯದ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಮಾಲೀಕರು ನೋಂದಣಿ ಬೇಡ ಅಂದರೆ ಆ ಮನೆ ಬಿಡಿ. ಜೀವಮಾನದ ಉಳಿತಾಯ ಹಾಕುವ ಜಾಗ ಅದಲ್ಲ.

ಮಾಮೂಲಿ ಬಾಡಿಗೆಗೆ 11 ತಿಂಗಳ ಅಗ್ರಿಮೆಂಟ್ ಮಾಡುತ್ತಾರೆ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ, ಅದಕ್ಕೇ ಈ ಹನ್ನೊಂದು. ಇ-ಸ್ಟಾಂಪ್ ಕಾಗದದ ಮೇಲೆ ಟೈಪ್ ಮಾಡಿಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಒಂದು ಪ್ರತಿ ನೀವು ಇಟ್ಟುಕೊಳ್ಳಿ. ಟೈಪಿಂಗ್ ಅಂಗಡಿಯ ಸಿದ್ಧ ಕರಾರಿಗೆ ಹಾಗೇ ಸಹಿ ಹಾಕಬೇಡಿ. ಬಾಡಿಗೆ ಎಷ್ಟು, ವರ್ಷಕ್ಕೆ ಎಷ್ಟು ಏರಿಕೆ, ಅಡ್ವಾನ್ಸ್ ಎಷ್ಟು, ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ನೋಟಿಸ್ ಎಷ್ಟು ದಿನ, ಟ್ಯಾಂಕರ್ ದುಡ್ಡು ಯಾರದು, ಮೋಟರ್ ಕೆಟ್ಟರೆ ಯಾರು ಸರಿ ಮಾಡಿಸಬೇಕು, ಇವೆಲ್ಲ ಅಂಕಿ ಸಮೇತ ಬರೆದಿರಬೇಕು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಇದೆ. ಒಂದೇ ವರ್ಷ ಇದ್ದು ಹೋಗುವವರಿಗೆ ಅದನ್ನು ಅರ್ಧ ಮಾಡಿ ಅಂತ ಈಗಲೇ ಕೇಳಬಹುದು, ಬಿಡುವ ದಿನ ಕೇಳಿದರೆ ನಡೆಯಲ್ಲ.

ಗುರುತಿಗೆ ಆಧಾರ್ ಕೇಳುತ್ತಾರೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಕೊಡಿ. ಸಂಬಳದಲ್ಲಿ ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆ ಇದ್ದು ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರು ಬಾಡಿಗೆ ರಸೀದಿ ಇಟ್ಟುಕೊಳ್ಳಿ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ನಂಬರೂ ಬೇಕಾಗುತ್ತದೆ, ಅದಕ್ಕೆ ಒಪ್ಪುತ್ತಾರಾ ಅಂತ ಮೊದಲೇ ಕೇಳಿ.

ಸೇರುವ ದಿನ, ಬಿಡುವ ದಿನ

ಸಾಮಾನು ಇಳಿಸುವ ಮುಂಚೆ ಖಾಲಿ ಮನೆಯ ವಿಡಿಯೋ ಮಾಡಿ. ಒಡೆದ ಟೈಲ್ಸ್, ಸಿಂಕಿನ ಸೋರಿಕೆ, ಗೋಡೆಯ ಮೊಳೆ ತೂತು, ಮೀಟರ್ ರೀಡಿಂಗ್ ಎಲ್ಲ ಅದರಲ್ಲಿ ಬರಲಿ. ಅದೇ ದಿನ ಮಾಲೀಕರಿಗೆ ವಾಟ್ಸಾಪ್ ಮಾಡಿ. ಗ್ಯಾಸ್ ಸಂಪರ್ಕ, ಬ್ಯಾಂಕ್ ವಿಳಾಸ ಬದಲಾಯಿಸುವಾಗ ಅಗ್ರಿಮೆಂಟ್ ಪ್ರತಿ ಜೊತೆಗಿರಲಿ, ಬೇರೆ ದಾಖಲೆ ಬೇಕಾ ಅಂತ ಅಲ್ಲೇ ಕೇಳಿ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಾಯಿಸಲು ಫಾರಂ 8 ಹಾಕಿ.

ಬಿಡುವಾಗ ಕರಾರಿನಲ್ಲಿ ಬರೆದಷ್ಟು ದಿನ ಮುಂಚೆ ನೋಟಿಸ್ ಕೊಡಿ, ಬಾಯಿಮಾತಿನ ಜೊತೆ ಒಂದು ಮೆಸೇಜೂ ಇರಲಿ. ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲೇ ಹಿಡಿದುಕೊಳ್ಳಿ ಅಂತ ಕೇಳಿ ನೋಡಿ. ಹಾಗೆ ಮಾಡಿದರೆ ಕೊನೆಗೆ ವಾಪಸ್ ಬರಬೇಕಾದ ಮೊತ್ತ ಸಣ್ಣದಾಗುತ್ತದೆ, ಕೊಡುವವರಿಗೂ ಹಗುರ. ಬೆಸ್ಕಾಂ ಬಿಲ್ ಕಟ್ಟಿ ರಸೀದಿ ತೋರಿಸಿ, ಗೃಹಜ್ಯೋತಿ ಜೋಡಣೆ ತೆಗೆಸಿ, ಮಾಲೀಕರ ಜೊತೆ ನಿಂತು ಪ್ರತಿ ಕೋಣೆ ನೋಡಿ ಲೆಕ್ಕವನ್ನು ಕಾಗದದ ಮೇಲೆ ಬರೆಯಿರಿ. ಉಳಿದ ದುಡ್ಡು ಅಕೌಂಟಿಗೆ ಬಂದ ಮೇಲೆ ಕೀ ಕೊಡಿ.